ಬಗ್ಗಿದವರ ಹಗೆ

ಗುರುಗಳ ವಿಷಯ ಮಾತಾಡುವಾಗ ಬಹುವಚನ ಬಿಡಬಾರದು ಎಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ಸ್ವಾಮಿಗಳು ಬಂದರು, ಸ್ವಾಮಿಗಳು ಉಂಡರು, ಸ್ವಾಮಿಗಳಿಗೆ ನೆಗಡಿಯಾಗಿದೆ. ರಾಯಪ್ಪ ಸ್ವಾಮಿಯ ಬಗ್ಗೆ ನಾನು ಹಾಗೆ ಬರೆಯುವುದಿಲ್ಲ. ಆತ ತೀರಿಕೊಂಡು ಬಹಳ ವರ್ಷವಾಯಿತು. ಆತನ ಸಮಾಧಿಗೆ ಇವತ್ತೂ ಹೂವಿಡುವವರಿದ್ದಾರೆ, ಆತನ ಹೆಸರಿನಲ್ಲಿ ಹರಕೆ ಹೊರುವವರೂ ಇದ್ದಾರಂತೆ. ಅವರ ಬಾಯಲ್ಲಿ ಆತನಿಗೆ ಬೇಕಾದಷ್ಟು ಬಹುವಚನ ಸಿಗುತ್ತದೆ. ನನ್ನ ಪುಸ್ತಕದಲ್ಲಿ ಆತ ಏಕವಚನದಲ್ಲೇ ಇರಲಿ, ನಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕೂತು ಮುದ್ದೆ ಮುರಿಯುತ್ತಿದ್ದಾಗ ಇದ್ದ ಹಾಗೆ.

ನಮ್ಮ ಮನೆ ಮೈಸೂರಿನ ಒಂದು ಕ್ರೈಸ್ತ ದೇವಾಲಯದ ಹಿಂಭಾಗದಲ್ಲಿ, ಕಾಂಪೌಂಡಿನ ಒಳಗೇ ಇತ್ತು. ಮೂರು ಕೋಣೆ, ಹೆಂಚಿನ ಮಾಡು, ಹಿತ್ತಲಲ್ಲಿ ಒಂದು ನುಗ್ಗೆಮರ. ಮನೆ ನಮ್ಮದಲ್ಲ, ದೇವಾಲಯದ್ದು. ಅಪ್ಪ ಇನ್ನಾಸಪ್ಪ ಅಲ್ಲಿ ಉಪದೇಶಿಯಾಗಿದ್ದ. ಉಪದೇಶಿ ಎಂದರೆ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವವನು, ಸಾವಿನ ಮನೆಯಲ್ಲಿ ಜಪ ನಡೆಸುವವನು, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಯೇಸುವಿನ ಯಾತನೆಯ ಶಿಲುಬೆ ಹಾದಿ ಓದುವವನು, ಸ್ವಾಮಿಗಳು ಊರಿಗೆ ಹೋದರೆ ಅವರ ನಾಯಿಗೆ ಅನ್ನ ಹಾಕುವವನು. ಅಪ್ಪ ಹುಡುಗನಾಗಿದ್ದಾಗ ತಾನೇ ಸ್ವಾಮಿಯಾಗಬೇಕೆಂದು ಬೆಂಗಳೂರಿನ ಗುರುಮಠಕ್ಕೆ ಸೇರಿದ್ದ. ಕೆಲವು ವರ್ಷ ಓದಿದ ಮೇಲೆ ತಾತ ತೀರಿಕೊಂಡು, ಅಜ್ಜಿ ಅತ್ತುಕೊಂಡು ಹೋಗಿ ಮಗನನ್ನು ಕರೆದುಕೊಂಡು ಬಂದಳು. ಬೇಸಾಯದ ಕೆಲಸ ಒಂದು ದಾರಿಗೆ ಬಂದಮೇಲೆ ಇವನು ಮತ್ತೆ ಹೋದರೆ, ಅಲ್ಲಿನ ಫ್ರೆಂಚ್ ಸ್ವಾಮಿಗಳು ಬಾಗಿಲಲ್ಲೇ ನಿಲ್ಲಿಸಿ, ಸರ್ವೇಶ್ವರ ನಿನ್ನನ್ನು ಸಂಸಾರಕ್ಕೆ ಕರೆದಿದ್ದಾನೆ, ಹೋಗಿ ಬಾ ಎಂದರಂತೆ. ಅಪ್ಪ ಅವತ್ತು ಕೈಮುಗಿದು ಬಗ್ಗಿ ನಮಸ್ಕಾರ ಮಾಡಿ ಬಂದವನು, ಆಮೇಲೆ ಬಗ್ಗುವುದನ್ನು ನಿಲ್ಲಿಸಲಿಲ್ಲ.

ಅಪ್ಪನಷ್ಟು ವಿನಯದ ಮನುಷ್ಯ ಇಲ್ಲ ಎಂದು ಕೇರಿಯವರು ಹೇಳುತ್ತಿದ್ದರು. ಪೂಜೆಯಲ್ಲಿ ಎಲ್ಲರಿಗಿಂತ ಹಿಂದೆ ಮಂಡಿಯೂರುತ್ತಿದ್ದ. ಸ್ವಾಮಿಗಳ ಜೊತೆ ನಡೆಯುವಾಗ ಅರ್ಧ ಹೆಜ್ಜೆ ಹಿಂದೆ. ಯಾರಾದರೂ ಹೊಗಳಿದರೆ ‘ನಾನು ಬರೀ ಆಳು’ ಎನ್ನುತ್ತಿದ್ದ. ಆ ವಿನಯವೆಲ್ಲ ಹಗಲು ಮುಗಿಯುವವರೆಗೆ ಮಾತ್ರ. ಊಟಕ್ಕೆ ಕೂತಾಗ ನಮ್ಮ ಮನೆಯಲ್ಲಿ ಮೊದಲು ಬಡಿಸುತ್ತಿದ್ದದ್ದು ಸ್ವಾಮಿಗಳನ್ನೇ. ಈಗಿರುವವರಿಗೆ ಲ್ಯಾಟಿನ್ ಉಚ್ಚಾರ ಬರುವುದಿಲ್ಲ, ಹಿಂದಿದ್ದವರು ಪ್ರಸಂಗದ ನಡುವೆ ಆಕಳಿಸುತ್ತಿದ್ದರು, ಮತ್ತೊಬ್ಬರು ಕೋಳಿಯ ತೊಡೆಯನ್ನಲ್ಲದೆ ಬೇರೆ ತುಂಡನ್ನು ಮುಟ್ಟುತ್ತಿರಲಿಲ್ಲ. ಹುರುಳಿ ಸಾರಿನ ಜೊತೆ ಈ ಮಾತುಗಳನ್ನು ಉಂಡು ಬೆಳೆದವಳು ನಾನು. ಒಬ್ಬ ಮನುಷ್ಯನ ಎದುರು ಕೈಮುಗಿದು ನಿಂತಿರುವಾಗಲೇ ಅವನ ಕೊರತೆಗಳನ್ನು ಗುರುತು ಹಾಕಿಕೊಳ್ಳುವುದನ್ನು ನಾನು ಶಾಲೆಗೆ ಹೋಗುವ ಮೊದಲೇ ಕಲಿತಿದ್ದೆ. ಹೊರಕೋಣೆಯಲ್ಲಿ ಯೇಸುವಿನ ತಿರುಹೃದಯದ ಪಟದ ಕೆಳಗೆ ಕೈಗಳಿದ್ದ ಒಂದು ಕುರ್ಚಿ ಇತ್ತು. ಸ್ವಾಮಿಗಳು ಮನೆಗೆ ಬಂದರೆ ಕೂರಲೆಂದು ಇಟ್ಟದ್ದು, ಬೇರೆ ಯಾರೂ ಅದರಲ್ಲಿ ಕೂರುವಂತಿರಲಿಲ್ಲ. ಒಂದು ಮಧ್ಯಾಹ್ನ ಬಾಗಿಲ ಸಂದಿಯಿಂದ ನೋಡುತ್ತೇನೆ, ಅಪ್ಪ ಅದರಲ್ಲಿ ಕೂತಿದ್ದಾನೆ. ಬಲಗೈ ಎತ್ತಿ, ಎರಡು ಬೆರಳು ನೀಡಿ, ಖಾಲಿ ಕೋಣೆಗೆ ನಿಧಾನವಾಗಿ ಶಿಲುಬೆ ಗುರುತು ಹಾಕಿ ಆಶೀರ್ವಾದ ಮಾಡುತ್ತಿದ್ದಾನೆ. ನಾನು ಉಸಿರು ಬಿಡದೆ ಹಿಂದೆ ಸರಿದೆ.

ರಾಯಪ್ಪ ಈ ಮನೆಗೆ ಬಂದದ್ದು ನಾನು ಹುಟ್ಟುವ ಮೊದಲು. ಕಡಕೊಳದ ಆಚೆಯ ಒಂದು ಹಳ್ಳಿಗೆ ಜಪ ನಡೆಸಲು ಹೋಗಿದ್ದ ಅಪ್ಪನ ಕಣ್ಣಿಗೆ, ಒಮ್ಮೆ ಕೇಳಿದ ಪ್ರಾರ್ಥನೆಯನ್ನು ತಪ್ಪಿಲ್ಲದೆ ಒಪ್ಪಿಸುವ ಈ ತಾಯಿಯಿಲ್ಲದ ಹುಡುಗ ಬಿದ್ದನಂತೆ. ಅವನ ಅಪ್ಪ ಕೂಲಿಯವನು, ಕೊಡಲು ಅಡ್ಡಿ ಹೇಳಲಿಲ್ಲ. ನನ್ನ ಅವ್ವ ಆರೋಗ್ಯಮ್ಮನಿಗೆ ಆಗ ಚೊಚ್ಚಲ ಗಂಡುಮಗು ಹುಟ್ಟಿ ತೊಟ್ಟಿಲಲ್ಲೇ ಹೋಗಿತ್ತು. ಹುಡುಗನ ತಲೆಯ ಹೇನು ತೆಗೆದು, ಕಜ್ಜಿಗೆ ಬೇವಿನೆಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಮಗ್ಗುಲಲ್ಲಿ ಮಲಗಿಸಿಕೊಂಡಳು. ಅವನು ಅಪ್ಪನನ್ನು ಮಾವ ಎನ್ನುತ್ತಿದ್ದ, ಅವ್ವನನ್ನು ಅವ್ವ ಎಂದೇ ಕರೆಯುತ್ತಿದ್ದ. ಅಪ್ಪ ಬೆತ್ತ ಹಿಡಿದು ಲ್ಯಾಟಿನ್ ಕಲಿಸಿದ, ಪೂಜೆಯ ಉತ್ತರಗಳನ್ನು ಕಲಿಸಿದ, ಕೊನೆಗೆ ತಾನೇ ಕೈಹಿಡಿದು ಕರೆದುಕೊಂಡು ಹೋಗಿ ಗುರುಮಠಕ್ಕೆ ಬಿಟ್ಟುಬಂದ. ತನ್ನನ್ನು ನಿಲ್ಲಿಸಿದ್ದ ಅದೇ ಬಾಗಿಲಿಗೆ. ನಾನು ಹುಟ್ಟಿದ್ದು ಆ ವರ್ಷ. ರಜೆಯಲ್ಲಿ ಬಂದಾಗ ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಸರೆಯ ದೀಪ ತೋರಿಸಿದ್ದು ನೆನಪಿದೆ. ನನಗೆ ಅವನು ರಾಯಣ್ಣ. ಅವನು ಸ್ವಾಮಿಯಾಗುವ ದಿನಕ್ಕಾಗಿ ಮನೆಯಲ್ಲಿ ದಿನವೂ ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದೆವು.

ಆ ದಿನ ಬಂತು. ಗುರುಪಟ್ಟವಾದ ಮೇಲೆ ಅವನ ಹಳ್ಳಿಯಲ್ಲೇ ಪ್ರಥಮ ಪೂಜೆ. ಅಪ್ಪ ಹೊಸ ಪಂಚೆ ಉಟ್ಟಿದ್ದ, ಅವ್ವ ಮದುವೆಯ ಸೀರೆ ತೆಗೆದಿದ್ದಳು. ಪೂಜೆ ಮುಗಿದ ಮೇಲೆ ತೆಂಗಿನ ಗರಿಯ ಚಪ್ಪರದ ಕೆಳಗೆ ಸಭೆ. ಬಿಷಪ್ ಸ್ವಾಮಿಗಳು ಕೂತಿದ್ದರು. ರಾಯಪ್ಪ ಎದ್ದು ನಿಂತು ಒಬ್ಬೊಬ್ಬರನ್ನೇ ನೆನೆದು ವಂದನೆ ಹೇಳಿದ. ಬಿಷಪ್ ಸ್ವಾಮಿಗಳಿಗೆ, ಗುರುಮಠದ ಗುರುಗಳಿಗೆ, ಹೆತ್ತ ತಂದೆಗೆ, ಸತ್ತ ತಾಯಿಗೆ, ಊರಿನ ಹಿರಿಯರಿಗೆ, ಚಪ್ಪರ ಹಾಕಿದವರಿಗೆ, ಅಡುಗೆಯವರಿಗೆ. ಪ್ರತಿ ಹೆಸರಿಗೂ ಅಪ್ಪ ಸ್ವಲ್ಪ ಸ್ವಲ್ಪ ಏಳುತ್ತಿದ್ದುದು, ಮತ್ತೆ ಕೂರುತ್ತಿದ್ದುದು ನನಗೆ ಕಾಣುತ್ತಿತ್ತು. ಅಡುಗೆಯವರಾದ ಮೇಲೆ ಚಪ್ಪಾಳೆ ತಟ್ಟಿದರು. ಸಭೆ ಮುಗಿಯಿತು. ಅಪ್ಪನ ಹೆಸರೂ ಬರಲಿಲ್ಲ, ಅವ್ವನ ಹೆಸರೂ ಬರಲಿಲ್ಲ. ಅಪ್ಪ ಬಸ್ಸಿಳಿದು ಮನೆಗೆ ಬಂದು, ಪಂಚೆಯನ್ನು ಮಡಿಸಿಟ್ಟು, ಊಟ ಬೇಡವೆಂದು ಗೋಡೆ ಕಡೆ ತಿರುಗಿ ಮಲಗಿದ. ಜನದ ಗಲಾಟೆಯಲ್ಲಿ ಹುಡುಗ ಮರೆತಿರಬೇಕೆಂದು ಅವ್ವ ಸಮಾಧಾನ ಹೇಳಿದಳು.

“ಮರೀಲಿಲ್ಲ ಕಣೇ,” ಅಂದ ಅಪ್ಪ. “ಅಡುಗೆಯವರನ್ನ ನೆನೆಸ್ಕೊಂಡೋನು ನಮ್ಮನ್ನ ಮರೀತಾನಾ.”

ಅವತ್ತಿನಿಂದ ನಮ್ಮ ಮನೆಯ ಜಪದಲ್ಲಿ ರಾಯಪ್ಪನ ಹೆಸರು ನಿಂತುಹೋಯಿತು. ನನ್ನ ಜಪದಲ್ಲಿ ನಿಲ್ಲಲಿಲ್ಲ. ಒಂದು ಹತ್ತು ಮಣಿಯನ್ನು ನಾನು ಅವನಿಗಾಗಿಯೇ ಇಟ್ಟುಕೊಂಡಿದ್ದೆ. ಪೂಜೆ ಮಾಡುವಾಗ ಅವನ ನಾಲಿಗೆ ತೊದಲಲಿ, ಪ್ರಸಂಗದ ನಡುವೆ ಮಾತು ಮರೆತುಹೋಗಲಿ, ನಿಲುವಂಗಿ ತೊಡರಿ ಪೀಠದ ಮೆಟ್ಟಿಲ ಮೇಲೆ ಬೀಳಲಿ ಎಂದು ದೇವಮಾತೆಯನ್ನು ಬೇಡುತ್ತಿದ್ದೆ. ತಪಸ್ಸಿನ ಕಾಲದಲ್ಲಿ ಸಕ್ಕರೆ ಬಿಟ್ಟದ್ದೂ ಇದಕ್ಕಾಗಿಯೇ. ಅವ್ವ ನನ್ನ ಭಕ್ತಿ ನೋಡಿ ಸಂತೋಷಪಟ್ಟಳು.

ಎರಡು ವರ್ಷ ಕಳೆಯುವಷ್ಟರಲ್ಲಿ ರಾಯಪ್ಪನನ್ನು ನಮ್ಮ ದೇವಾಲಯಕ್ಕೇ ವಿಚಾರಣೆ ಗುರುವಾಗಿ, ಎಂದರೆ ಅಲ್ಲಿನ ಮುಖ್ಯ ಸ್ವಾಮಿಯಾಗಿ, ಹಾಕಿದರು. ಬಂದ ದಿನ ಅಪ್ಪ ಎಲ್ಲರ ಎದುರು ಮಂಡಿಯೂರಿ ಅವನ ಕೈಗೆ ಮುತ್ತಿಟ್ಟ. ‘ಏಳಿ ಉಪದೇಶಿಗಳೇ’ ಎಂದ ಅವನು. ಮಾವ ಎನ್ನುವ ಮಾತು ಅವತ್ತಿಗೆ ಮುಗಿಯಿತು. ಅಪ್ಪನೂ ‘ತಾವು’ ‘ತಮ್ಮ ಚಿತ್ತ’ ಎನ್ನತೊಡಗಿದ, ಹಿಂದಿನ ಸ್ವಾಮಿಗಳಿಗೆ ಬಗ್ಗಿದ್ದಕ್ಕಿಂತ ಒಂದು ಗೇಣು ಹೆಚ್ಚೇ ಬಗ್ಗಿ. ಮಕ್ಕಳಿಗೆ ಜ್ಞಾನೋಪದೇಶವನ್ನು ಇನ್ನು ಕಾನ್ವೆಂಟಿನ ಸಿಸ್ಟರುಗಳು ಹೇಳಿಕೊಡುತ್ತಾರೆ ಎಂದಾಗ, ತಮ್ಮ ಚಿತ್ತ. ಶಿಲುಬೆ ಹಾದಿಯನ್ನು ಇನ್ನು ಕಾಲೇಜಿನಲ್ಲಿ ಓದುವ ಒಬ್ಬ ಯುವಕ ಓದುತ್ತಾನೆ, ನೀವು ಮೇಣದಬತ್ತಿ, ಗಂಟೆ ನೋಡಿಕೊಂಡರೆ ಸಾಕು ಎಂದಾಗಲೂ ತಮ್ಮ ಚಿತ್ತ. ಮನೆಗೆ ಬಂದು ಅಪ್ಪ ನುಗ್ಗೆಮರದ ಕೆಳಗೆ ನಿಂತು ಕೊಂಬೆ ಮುರಿಯುತ್ತಿದ್ದ, ಕಾರಣವಿಲ್ಲದೆ. ಪಾಪನಿವೇದನೆಗೆ ರಾಯಪ್ಪನ ಮುಂದೆ ಮಂಡಿಯೂರಲು ಆಗದೆ ಊರಿನ ಆಚೆ ತುದಿಯ ಇನ್ನೊಂದು ದೇವಾಲಯಕ್ಕೆ ನಡೆದು ಹೋಗುತ್ತಿದ್ದ. ಅಲ್ಲಿ ಏನು ಹೇಳುತ್ತಿದ್ದನೋ, ಬಂದ ಮೇಲೆ ಮುಖ ಇನ್ನೂ ಬಿಗಿದಿರುತ್ತಿತ್ತು.

ಹೀಗಿರುವಾಗ ಪವಿತ್ರ ಗುರುವಾರ ಹತ್ತಿರ ಬಂತು. ಯೇಸು ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಆ ಸಂಜೆ ಸ್ವಾಮಿಗಳು ಹನ್ನೆರಡು ಮಂದಿಯ ಕಾಲು ತೊಳೆದು ಮುತ್ತಿಡುತ್ತಾರೆ. ಆ ಹನ್ನೆರಡರಲ್ಲಿ ರಾಯಪ್ಪ ಅಪ್ಪನ ಹೆಸರನ್ನೂ ಸೇರಿಸಿದ. ಗೌರವಕ್ಕೋ, ಅಣಕಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕಾಲು ತೊಳೆಸಿಕೊಳ್ಳುವವರು ಮನೆಯಲ್ಲೇ ಸೋಪು ಹಾಕಿ, ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿಕೊಂಡು ಹೋಗುವುದು ವಾಡಿಕೆ. ಅವ್ವ ಹಂಡೆಯಲ್ಲಿ ನೀರು ಕಾಯಿಸಿಟ್ಟಳು. ಅಪ್ಪ ಅದನ್ನು ಮುಟ್ಟಲಿಲ್ಲ. ಚಪ್ಪಲಿ ಮನೆಯಲ್ಲೇ ಬಿಟ್ಟು, ನನ್ನ ಕೈಹಿಡಿದುಕೊಂಡು, ದೇವಾಲಯದ ಕಡೆಗಲ್ಲದೆ ಜಟಕಾ ಸ್ಟ್ಯಾಂಡಿನ ಕಡೆಗೆ ನಡೆದ. ಕುದುರೆಗಳು ನಿಲ್ಲುವ ಆ ಜಾಗದಲ್ಲಿ ಲದ್ದಿ, ಗಂಜಲ, ಕೊಳೆತ ಹುಲ್ಲು ಕಲಸಿ ಕೆಸರಾಗಿತ್ತು. ಪಂಚೆ ಎತ್ತಿಕಟ್ಟಿ ಅದರೊಳಗೆ ಇಳಿದು, ಗದ್ದೆ ತುಳಿಯುವವರಂತೆ ತುಳಿದ. ಜಟಕಾದವರು ನೋಡಿ, ಏನೋ ಕಳಕೊಂಡಿದ್ದಾನೆ ಎಂದುಕೊಂಡು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಅಪ್ಪ ನಕ್ಕ. ಆ ವರ್ಷದಲ್ಲಿ ಅವನು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ನನಗೂ ಎದೆ ಹಿಗ್ಗಿತು.

ಹೆಣ್ಣುಮಕ್ಕಳು ಪೀಠದ ಕಟಕಟೆಗೆ ತಾಗಿಕೊಂಡೇ ನೆಲದ ಮೇಲೆ ಕೂರುತ್ತಿದ್ದೆವು. ಬೆಂಚಿನ ಮೇಲೆ ಹನ್ನೆರಡು ಮಂದಿ, ಅಪ್ಪ ಕೊನೆಯವನು, ನನಗೆ ಎರಡು ಮಾರು ದೂರ. ರಾಯಪ್ಪ ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವಲು ಕಟ್ಟಿ, ಒಬ್ಬೊಬ್ಬರ ಮುಂದೆ ಮಂಡಿಯೂರಿ, ಬೆಳ್ಳಗಿನ ಕಾಲುಗಳ ಮೇಲೆ ಒಂದೊಂದು ಹನಿ ನೀರು ಹೊಯ್ದು, ಒರೆಸಿ, ಮುತ್ತಿಟ್ಟುಕೊಂಡು ಬಂದ. ಅಪ್ಪ ಪಂಚೆ ಸರಿಸಿ ಬಲಗಾಲು ಮುಂದಿಟ್ಟ. ವಾಸನೆ ನಮ್ಮವರೆಗೂ ಬಂತು. ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡರು. ರಾಯಪ್ಪ ಮಂಡಿಯೂರಿಕೊಂಡೇ, ಪೂಜೆಗೆ ನೆರವಾಗುವ ಹುಡುಗನಿಗೆ ಸನ್ನೆ ಮಾಡಿ ಇನ್ನೊಂದು ಹೂಜಿ ನೀರು ತರಿಸಿದ. ಬರಿಗೈಯಲ್ಲಿ ಅಪ್ಪನ ಹಿಮ್ಮಡಿ ಉಜ್ಜಿದ, ಬೆರಳ ಸಂದಿಗಳಿಗೆ ಬೆರಳು ಹಾಕಿ ತೊಳೆದ, ಬೋಗುಣಿಯ ನೀರು ಕಪ್ಪಾದಾಗ ಚೆಲ್ಲಿಸಿ ಮತ್ತೆ ತರಿಸಿದ. ಇಡೀ ದೇವಾಲಯ ಎದ್ದು ನಿಂತು ನೋಡುತ್ತಿತ್ತು. ಹಿಂದೆ ಯಾರೋ ಹೆಂಗಸು ಬಿಕ್ಕಿದಳು. ಅವನು ಕಾಲೊರೆಸಿ, ಬಗ್ಗಿ, ತುಟಿಯೊತ್ತಿ ಮುತ್ತಿಟ್ಟ. ಏಳುವ ಮುನ್ನ ತಲೆ ಎತ್ತಿ ಅಪ್ಪನಿಗೆ ಮಾತ್ರ ಕೇಳುವ ಹಾಗೆ ಒಂದು ಮಾತು ಹೇಳಿದ. ನನಗೂ ಕೇಳಿಸಿತು.

“ಇಷ್ಟೇನಾ ಮಾವ?”

ವಾರ ಕಳೆಯುವಷ್ಟರಲ್ಲಿ ಊರಿನ ಕ್ರೈಸ್ತರಿಗೆಲ್ಲ ಈ ಕಥೆ ಗೊತ್ತಾಗಿತ್ತು. ಅಂಥ ಹೊಲಸು ಕಾಲನ್ನು ತೊಳೆದು ಮುತ್ತಿಟ್ಟ ಸ್ವಾಮಿ, ಎಂಥ ತಗ್ಗುವಿಕೆ, ಎಂಥ ದೀನತೆ. ಭಾನುವಾರ ಬೇರೆ ದೇವಾಲಯದವರೂ ನಮ್ಮಲ್ಲಿಗೆ ಪೂಜೆಗೆ ಬರತೊಡಗಿದರು. ಬಿಷಪ್ ಸ್ವಾಮಿಗಳು ಒಂದು ಪ್ರಸಂಗದಲ್ಲಿ ಹೆಸರು ಹೇಳದೆ ಹೊಗಳಿದರಂತೆ. ಆ ಪಿಸುಮಾತಿನ ವಿಷಯವನ್ನು ಅಪ್ಪ ಹೇಳಿದರೆ ಯಾರೂ ನಂಬಲಿಲ್ಲ. ನಾನೂ ಕೇಳಿದೆನೆಂದರೆ, ಅಪ್ಪನಿಗೆ ತಕ್ಕ ಮಗಳು ಎಂದು ನನ್ನ ಮುಖಕ್ಕೇ ಅಂದರು. ಕೊಳಾಯಿಯ ಹತ್ತಿರ ಅವ್ವನಿಗೆ ದಾರಿ ಬಿಡುತ್ತಿರಲಿಲ್ಲ. ಮಳೆಗಾಲ ಶುರುವಾಗುವ ಮುಂಚೆ ರಾಯಪ್ಪ ಅಪ್ಪನನ್ನು ಕರೆಸಿ, ನಿಮಗೂ ವಯಸ್ಸಾಯಿತು, ವಿಶ್ರಾಂತಿ ಬೇಕು, ಹೊಸ ಉಪದೇಶಿ ಬರುತ್ತಿದ್ದಾನೆ ಎಂದ. ದನಿ ಎತ್ತಲಿಲ್ಲ. ಉಪದೇಶಿಯಲ್ಲದ ಮೇಲೆ ಮನೆಯೂ ಇಲ್ಲ. ಪಾತ್ರೆ, ಚಾಪೆ, ತಿರುಹೃದಯದ ಪಟ ಎಲ್ಲ ಒಂದು ಎತ್ತಿನಗಾಡಿಗೆ ಹಿಡಿಸಿದವು. ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಬಾಡಿಗೆಗೆ ಎರಡು ಕೋಣೆ ಸಿಕ್ಕಿತು. ಅಪ್ಪ ಒಬ್ಬ ಸಾಬರ ಸೌದೆ ಡಿಪೋದಲ್ಲಿ ಸೌದೆ ತೂಗುವ ಕೆಲಸಕ್ಕೆ ಸೇರಿದ, ಅವ್ವ ಮನೆಯಲ್ಲಿ ಊದುಬತ್ತಿ ಹೊಸೆಯತೊಡಗಿದಳು. ನಾನು ಜಪಸರದ ಆ ಹತ್ತು ಮಣಿಯನ್ನು ಬಿಡಲಿಲ್ಲ. ಈಗ ಬೇಡುತ್ತಿದ್ದದ್ದು ನಾಲಿಗೆ ತೊದಲಲಿ ಎಂದಲ್ಲ, ಅದಕ್ಕಿಂತ ದೊಡ್ಡದನ್ನು.

ಬೇಡಿದ್ದು ಯಾವುದೂ ಆಗಲಿಲ್ಲ. ರಾಯಪ್ಪನಿಗೆ ಬಡ್ತಿಯಾಗಿ, ಬಿಷಪ್ ಸ್ವಾಮಿಗಳ ಜೊತೆಗೇ ಕೆಲಸ ಸಿಕ್ಕಿತು. ಬೀಳ್ಕೊಡುಗೆಯ ದಿನ ಬ್ಯಾಂಡ್ ಸೆಟ್ಟಿನ ಜೊತೆ ಮೆರವಣಿಗೆ. ನಮ್ಮ ಗಲ್ಲಿಯ ಬಾಯಿಗೆ ಬಂದಾಗ ಅವನು ಹೂವಿನ ಜಟಕಾ ನಿಲ್ಲಿಸಿ ಇಳಿದ. ಜನ ದಾರಿ ಬಿಟ್ಟರು. ನಮ್ಮ ಬಾಗಿಲಿಗೆ ಬರುತ್ತಿದ್ದಾನೆ. ಏನು ಮಾಡಲು ಬರುತ್ತಿದ್ದಾನೆಂದು ಎಲ್ಲರಿಗೂ ಗೊತ್ತಾಯಿತು, ಕೆಲವರು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪ ಹೊಸ್ತಿಲ ಮೇಲೆ ನಿಂತಿದ್ದ, ಹಿಂದೆ ಅವ್ವ, ಊದುಬತ್ತಿಯ ಮಸಿ ಹತ್ತಿದ ಕೈಗಳನ್ನು ದೂರ ಹಿಡಿದುಕೊಂಡು. ರಾಯಪ್ಪ ಹತ್ತಿರ ಬಂದು, ಕೈಜೋಡಿಸಿ, ಮಂಡಿ ಬಗ್ಗಿಸಿದ. ಅವನ ಮಂಡಿ ನೆಲ ಮುಟ್ಟಲಿಲ್ಲ. ಅಪ್ಪ ಅವನ ಎರಡೂ ರಟ್ಟೆಗಳನ್ನು ಹಿಡಿದುಕೊಂಡಿದ್ದ. ಸೌದೆ ಎತ್ತಿ ಎತ್ತಿ ಗಟ್ಟಿಯಾದ ಕೈ.

“ಬಗ್ಗಬೇಡ ರಾಯಪ್ಪ. ನಿಂತ್ಕೊಂಡೇ ಹೇಳು. ಅವತ್ತು ಯಾಕೆ ನನ್ನ ಹೆಸರು ಹೇಳಲಿಲ್ಲ?”

“ಬಿಡಿ ಮಾವ. ಜನ ನೋಡ್ತಿದ್ದಾರೆ.”

“ನೋಡ್ಲಿ. ನೀನು ಬಗ್ಗಿದ್ದನ್ನ ಎಲ್ರೂ ನೋಡವ್ರೆ. ನಿಂತಿದ್ದನ್ನೂ ನೋಡ್ಲಿ.”

ಬ್ಯಾಂಡಿನವರು ನಿಲ್ಲಿಸಿದ್ದರು. ರಾಯಪ್ಪ ಮತ್ತೊಮ್ಮೆ ಬಗ್ಗಲು ನೋಡಿದ, ಅಪ್ಪ ಬಿಡಲಿಲ್ಲ. ಆಗ ಅವನ ಮುಖದಿಂದ ಆ ಶಾಂತಿ, ಆ ದೀನತೆ ಎಲ್ಲ ಇಳಿದುಹೋಯಿತು. ನಾನು ಹುಟ್ಟಿದಾಗಿನಿಂದ ನೋಡಿದ್ದ ಮುಖ ಅದಲ್ಲ. ಕಡಕೊಳದ ಕಡೆಯ ಮಾತು ಬಾಯಿಗೆ ಬಂತು.

“ಅವ್ವ ಬಡಿಸಿ ಒಳಕ್ಕೆ ಹೋಯ್ತಿದ್ದಂಗೆ ಲೆಕ್ಕ ಶುರು ಮಾಡ್ತಿದ್ರಿ ನೀವು. ಇದು ಎಷ್ಟನೇ ಮುದ್ದೆ ಕಣೋ ಅಂತ. ನಿಮ್ಮಪ್ಪನ ಮನೇಲಿ ಎಷ್ಟು ತಿಂತಿದ್ದೆ ಅಂತ. ಒಂದಿನ ಸುಮ್ನೆ ಉಣ್ಣಾಕೆ ಬುಡಲಿಲ್ಲ. ಅವತ್ತು ಸಭೇಲಿ ನಿಮ್ಮ ಹೆಸರು ನಾಲ್ಗೆಗೆ ಬಂತು. ನುಂಗ್ಕೊಂಡೆ. ನಿಮ್ಮ ಮನೇಲಿ ನುಂಗೋದು ಚೆನ್ನಾಗಿ ಕಲ್ತಿದ್ದೆ.”

ಅಪ್ಪ ಕೈ ಬಿಟ್ಟ. ಅವನಿಗೆ ನಾಚಿಕೆಯಾಯಿತೆಂದು ಓದುವವರು ಅಂದುಕೊಳ್ಳಬಹುದು. ಇಲ್ಲ. ಅವನ ಮುಖ ಅರಳಿತು. ಜನರ ಕಡೆ ತಿರುಗಿ, ಕೇಳಿಸಿಕೊಂಡಿರಾ ನಿಮ್ಮ ಸಂತನ ಮಾತನ್ನು ಎಂದ. ಇಷ್ಟು ವರ್ಷ ಅವನು ಬೇಡಿದ್ದು ಇದನ್ನೇ. ಆ ಮನುಷ್ಯನ ದೀನತೆಯಲ್ಲ, ಹಗೆ. ಅದು ಕೊನೆಗೂ ಕೈಗೆ ಸಿಕ್ಕಿತ್ತು. ರಾಯಪ್ಪ ಅಪ್ಪನ ಹೆಗಲ ಮೇಲಿಂದ ಅವ್ವನನ್ನು ನೋಡಿ, ‘ಬತ್ತೀನವ್ವ’ ಎಂದ. ಅವನು ಹೋಗಿ ಜಟಕಾ ಹತ್ತಿದ. ಬ್ಯಾಂಡು ಗಲ್ಲಿ ದಾಟಿದ ಮೇಲೆ ಮತ್ತೆ ಶುರುವಾಯಿತು.

ಅವನ ಕಾರಣ ಗೊತ್ತಾದ ಮೇಲೂ ನಾನು ಅವನನ್ನು ಕ್ಷಮಿಸಲಿಲ್ಲ. ಅಪ್ಪನ ಹೆಸರನ್ನು ನುಂಗಿಕೊಳ್ಳಲಿ, ಅದು ಅವನ ಹಕ್ಕು. ಅವ್ವನ ಹೆಸರನ್ನು ಹೇಳಬಹುದಿತ್ತಲ್ಲ. ಅಡುಗೆಯವರಿಗೂ ಚಪ್ಪರದವರಿಗೂ ನಡುವೆ ಒಂದು ಹೆಸರು, ಆರೋಗ್ಯಮ್ಮ ಎಂದು. ಅಪ್ಪನಿಗೆ ಹೊಡೆಯಲೆಂದು ಅವನು ಎಸೆದ ಕಲ್ಲು ಅವಳಿಗೆ ತಾಗಿತು. ಅವನು ನೋಡಲೂ ಇಲ್ಲ. ಮುಂದೆ ಅವನು ಎಷ್ಟು ದೊಡ್ಡವನಾದರೂ, ಎಷ್ಟು ಸಲ ಹೇಳಿಕಳಿಸಿದರೂ, ನಾನು ಅವನ ಕೈಯಿಂದ ಪರಮಪ್ರಸಾದ ತೆಗೆದುಕೊಳ್ಳಲಿಲ್ಲ. ನನ್ನ ಮದುವೆಗೆ ಬರುತ್ತೇನೆಂದಾಗ ಬೇಡವೆಂದೆ.

ಆ ಸಂಜೆ ಅಪ್ಪ ಬಹಳ ಗೆಲುವಾಗಿದ್ದ. ಬೇಗ ಊಟಕ್ಕೆ ಕೂತು, ರಾಯಪ್ಪನ ಮುಖ ಹೇಗಾಯಿತೆಂದು ನನ್ನ ಬಾಯಿಂದ ಮತ್ತೆ ಮತ್ತೆ ಹೇಳಿಸಿ ನಕ್ಕ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಅವನ ತಟ್ಟೆಗೆ ಮುದ್ದೆ ಇಟ್ಟಳು.

“ಒಂದು,” ಅಂದಳು.

ಅಪ್ಪನಿಗೆ ತಿಳಿಯಲಿಲ್ಲ. ಸಾರು ಹೊಯ್ದು, ಒಂದು ಸೌಟು ಎಂದಳು. ಅವನು ಇನ್ನೊಂದು ಮುದ್ದೆಗೆ ಕೈ ನೀಡಿದಾಗ, ಎರಡು ಎಂದಳು.

“ಏನೇ ಇದು?”

“ಲೆಕ್ಕ ಕಣ್ರೀ. ನಾನು ಒಳಕ್ಕೆ ಹೋದ್ಮೇಲೆ ನೀವು ಇಟ್ಕೋತಿದ್ರಂತಲ್ಲ. ಇನ್ಮೇಲೆ ನಾನೇ ಇಟ್ಕೋತೀನಿ. ನೀವು ಉಣ್ಣಿ.”

ಅವತ್ತಿನಿಂದ ಅವ್ವ ಎಣಿಸದೆ ಅಪ್ಪನಿಗೆ ಏನನ್ನೂ ಬಡಿಸಲಿಲ್ಲ. ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಜಪ ಹೇಳುವ ದನಿ. ನೆಂಟರ ಮುಂದೆಯೂ, ಕ್ರಿಸ್‌ಮಸ್ ಹಬ್ಬದ ಮಾಂಸದ ತುಂಡುಗಳನ್ನೂ. ಅಪ್ಪ ಮೊದಲು ರೇಗಿದ, ಒಮ್ಮೆ ತಟ್ಟೆ ಎಸೆದ. ಅವ್ವ ಚೆಲ್ಲಿದ್ದನ್ನು ಬಾಚಿ, ಹೊಸದಾಗಿ ಬಡಿಸಿ, ಒಂದು ಎಂದಳು. ಆಮೇಲೆ ಅವನು ತಲೆ ತಗ್ಗಿಸಿ, ಸಿಕ್ಕಿದ್ದನ್ನು ತಿಂದು ಏಳುವುದನ್ನು ಕಲಿತ. ಕೊನೆಯ ಕಾಯಿಲೆಯಲ್ಲಿ ಹಾಸಿಗೆ ಹಿಡಿದಾಗ ಅವ್ವ ಅವನ ಮೈ ಒರೆಸಿದಳು, ಬಟ್ಟೆ ಬದಲಿಸಿದಳು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದಳು. ಆಗಲೂ ಎಣಿಸಿದಳು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ, ಸಾಕು ಬಿಡವ್ವ ಎನ್ನಲಿಲ್ಲ. ಮೂರು ಎಂದಳು, ನಾಲ್ಕು ಎಂದಳು. ಐದನೆಯದಕ್ಕೆ ಅವನು ಬಾಯಿ ತೆರೆಯಲಿಲ್ಲ. ಅವ್ವ ಚಮಚವನ್ನು ಅವನ ತುಟಿಯ ಹತ್ತಿರವೇ ಹಿಡಿದುಕೊಂಡು, ಗಂಜಿ ತಣ್ಣಗಾಗುವವರೆಗೂ ಕಾದಳು.